ಕೆಂಪು ಕೀ

‘ಕೀ ಸಿಕ್ಕಿಲ್ಲ’ ಎಂದು ಹೊಸ ಕಂಪ್ಯೂಟರು ಮೂರನೇ ಸಲ ತೋರಿಸಿದಾಗ ಚೈತ್ರ ಡ್ರಾಯರನ್ನೇ ನೆಲಕ್ಕೆ ಸುರಿದಳು. ಗಂಡ ಮುನೀಂದ್ರ ಸೀರೆಯ ಡಿಸೈನ್ ಬಿಡಿಸಲು ಕೊಂಡಿದ್ದ ಸಾಫ್ಟ್‌ವೇರ್ ಅದು. ಪೆನ್‌ಡ್ರೈವಿನಂಥ ಬೆರಳುದ್ದದ ಕೆಂಪು ಕೀಯನ್ನು ಕಂಪ್ಯೂಟರಿಗೆ ಚುಚ್ಚದಿದ್ದರೆ ತೆರೆಯುವುದಿಲ್ಲ. ಅವನು ಹೋದಾಗಿನಿಂದ ಮಗ್ಗಗಳು ನಿಂತೇ ಇದ್ದವು.

“ಅತ್ತೆ, ಅವ್ರ ಕೆಂಪು ಕೀ ನೋಡಿದ್ರಾ?”

ಮುನಿತಾಯಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಮಣ್ಣು ಮಾಡೋವಾಗ ನಾನೇ ಅವನ ಅಂಗಿ ಜೇಬಿಗೆ ಹಾಕ್ದೆ ಕಣಮ್ಮ. ಯಾವಾಗ್ಲೂ ಅಲ್ಲೇ ಇಟ್ಕೋತಿದ್ನಲ್ಲ. ಇಷ್ಟವಾದದ್ದನ್ನ ಜೊತೇಲೇ ಕಳಿಸ್ಬೇಕು.”

ಚೈತ್ರ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಪರದೆ ಬೆಳಗಿತು: ‘ಕೀ ಸಿಕ್ಕಿದೆ.’ ಖಾಲಿ ಹಾಳೆಯ ಮೇಲೆ ಹಂಸದ ಕೊಕ್ಕೊಂದು ನಿಧಾನವಾಗಿ ಮೂಡತೊಡಗಿತು. ಅವಳ ಎರಡೂ ಕೈ ಮಡಿಲಲ್ಲಿದ್ದವು.

ಮುನಿತಾಯಮ್ಮ ಒಮ್ಮೆ ತಲೆಯೆತ್ತಿ ನೋಡಿದಳು. “ಹೇಳ್ಲಿಲ್ವಾ, ಅವನ ಹತ್ರಾನೇ ಐತೆ ಅಂತ?”