ಅಜ್ಜಿಯ ಹೆಸರಿಗೆ ಬಂದ ಟ್ರಂಕ್ ಕಾಲ್

ಆಪರೇಟರ್ ಜೋಡಿಸಿಕೊಡುವ ಪರಊರಿನ ಟ್ರಂಕ್ ಕಾಲ್ ಬಂದರೆ ನಮ್ಮ ರಾಜಾಜಿನಗರದ ಮನೆಯ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಇವತ್ತು ಮೊಬೈಲಿನಲ್ಲಿ ‘ಅನ್‌ಲಿಮಿಟೆಡ್’ ಪ್ಲಾನ್ ಓದುತ್ತಿದ್ದಾಗ ಆ ಸದ್ದು ನೆನಪಾಯಿತು.

ಮದುವೆಯಾಗಿ ಬಾಂಬೆಗೆ ಹೊರಟ ಅಕ್ಕನಿಗೆ ಅಪ್ಪ ಹೇಳಿಕೊಟ್ಟಿದ್ದರು: "ತೀರಿಹೋದ ಅಜ್ಜಿ ಹೆಸರಿಗೆ ಕಾಲ್ ಬುಕ್ ಮಾಡಮ್ಮ. ಆಪರೇಟರ್‌ಗೆ ನಾವು ‘ಅವರಿಲ್ಲ’ ಅಂತೀವಿ. ನೀನು ತಲುಪಿದ್ದು ಗೊತ್ತಾಗುತ್ತೆ, ಕೇಳಿದೋರು ಸಿಗದಿದ್ರೆ ಪೂರ್ತಿ ಚಾರ್ಜ್ ಬೀಳಲ್ಲ."

ಮೂರನೇ ದಿನ ಮಧ್ಯಾಹ್ನ ಫೋನ್ ಎತ್ತಿದವಳು ನಾನು. ರಂಗಮ್ಮ, ಅಂದರೆ ನಮ್ಮಜ್ಜಿ, ಇದ್ದಾರೆಯೇ ಎಂದು ಆಪರೇಟರ್ ಇಂಗ್ಲಿಷಿನಲ್ಲಿ ಕೇಳಿದಳು. ಅಕ್ಕನ ದನಿ ಬೇಕಿತ್ತು ನನಗೆ.

"ಯೆಸ್, ಸ್ಪೀಕಿಂಗ್," ಎಂದುಬಿಟ್ಟೆ.

"ಅಯ್ಯೋ ಕತ್ತೆ, ಇಲ್ಲ ಅನ್ನೋದಲ್ವೇನೇ!" ಅಕ್ಕ ನಕ್ಕಳು. ಆಮೇಲೆ ಒಂದು ಕಾಲ್‌ಗೆ ಸಿಗುವ ಮೂರು ನಿಮಿಷವೂ ಇಬ್ಬರೂ ಅತ್ತೆವು.

ಬಿಲ್ ಬಂದಾಗ ಅಪ್ಪ ಬೈಯಲಿಲ್ಲ. "ಏನಂದ್ಲೇ ಅವಳು?" ಎಂದು ಮತ್ತೆ ಮತ್ತೆ ಕೇಳಿದರು.

ಊರಿಗೆ ಮತ್ತೆ ಬರುವ ಮೊದಲೇ ಬಾಂಬೆಯಲ್ಲಿ ತೀರಿಕೊಂಡ ಅಕ್ಕನನ್ನು ಕೊನೆಯ ಸಲ ನಾನು ಕಂಡದ್ದು ಅವಳು ಹೊರಟ ದಿನವೇ. ರೈಲಿನ ಕಿಟಕಿಯಿಂದ ಕೈ ಚಾಚಿ, ನನ್ನ ಜಡೆಯ ರಿಬ್ಬನ್ ಬಿಗಿಯುತ್ತಿದ್ದಳು.