ನಡುಗದ ಕೈ

"ರಕ್ತದಲ್ಲಿ ಔಷಧಿ ಸರಿಯಾಗಿದೆ. ವೈರಸ್ ಮಾತ್ರ ಸರಿಯಾಗಿಲ್ಲ," ಎಂದರು ಡಾಕ್ಟರ್ ಗುಡ್ರುನ್ ಹಾಸ್ಲಿಂಗರ್.

ಎದುರಿಗೆ ಕುಳಿತಿದ್ದ ಆಲೋಯಿಸ್ ಕ್ರಾಟೊಖ್ವಿಲ್ ಕಾಫಿ ಲೋಟ ಎತ್ತಿ ಒಂದು ಗುಟುಕು ಕುಡಿದ. ವಿಯೆನ್ನಾದ ದೊಡ್ಡ ಸ್ಮಶಾನದ ಎದುರು ಅಂಗಡಿ ಇಟ್ಟುಕೊಂಡು ಗೋರಿಕಲ್ಲಿಗೆ ಹೆಸರು ಕೆತ್ತುತ್ತಿದ್ದವನು. ನಾಲ್ಕು ವರ್ಷದ ಹಿಂದೆ ಹೆಂಡತಿ ಆಗ್ನೆಸ್ ತನ್ನ ಒಂದು ಕಿಡ್ನಿ ಕೊಟ್ಟು ಅವನನ್ನು ಉಳಿಸಿಕೊಂಡಿದ್ದಳು. ಈ ಬೇಸಿಗೆಯಲ್ಲಿ ಅವಳೇ ಹೋಗಿಬಿಟ್ಟಳು, ಬಟ್ಟೆ ಒಣಗಹಾಕುತ್ತಿದ್ದಾಗ ಹೃದಯ ನಿಂತು.

"ವೈರಸ್ ಜಾಸ್ತಿ ಆಯ್ತಾ ಡಾಕ್ಟರಮ್ಮಾ?"

"ಇಲ್ಲ. ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿಯಾಗಿದೆ."

"ಒಳ್ಳೇದೇ ಆಯ್ತಲ್ಲ! ಅದಕ್ಯಾಕೆ ಮುಖ ಸಪ್ಪೆ ಮಾಡ್ಕೊಂಡಿದೀರಿ?"

"ಇದು ಕಾಯಿಲೆ ತರೋ ವೈರಸ್ ಅಲ್ಲ ಅಂತ ಎಷ್ಟು ಸಲ ಹೇಳಿದೀನಿ! ನನ್ನ ಮೈಯಲ್ಲೂ ಇದೆ, ನಿಮ್ಮ ಮೈಯಲ್ಲೂ ಇದೆ. ಪಾಪದ ಇಲಿ, ಯಾರನ್ನೂ ಕಚ್ಚಲ್ಲ. ಮಾತ್ರೆ ನುಂಗಿದ್ರೆ ಮೈ ಕಾಯೋ ಬೆಕ್ಕಿಗೆ ಮಂಪರು ಹತ್ತುತ್ತೆ, ಇಲಿ ಹೆಚ್ತವೆ. ಇಲಿ ಕಾಣ್ತಿಲ್ಲ ಅಂದ್ರೆ ಬೆಕ್ಕು ಎದ್ದು ಕೂತಿದೆ ಅಂತ ಅರ್ಥ. ಅದು ಆಗ್ನೆಸ್ ಕೊಟ್ಟ ಕಿಡ್ನಿಗೂ, ಹೊರಗಿನದು ಅಂತ, ಬಾಯಿ ಹಾಕುತ್ತೆ."

"ಮಾತ್ರೆ ನುಂಗ್ತಾನೇ ಇದೀನಿ. ರಕ್ತದಲ್ಲಿದೆ ಅಂತ ನೀವೇ ಅಂದ್ರಲ್ಲ."

"ಮೊನ್ನೆಯಿಂದ ನುಂಗಿದ್ರೂ ಇರುತ್ತೆ. ಪರೀಕ್ಷೆ ಹತ್ರ ಬಂದಾಗ ಎರಡು ದಿನ ನುಂಗಿ ಬರೋರನ್ನ ನಾನು ಕಂಡಿಲ್ವಾ? ಆ ವೈರಸ್‌ಗೆ ಹಾಗೆಲ್ಲ ಟೋಪಿ ಹಾಕೋಕಾಗಲ್ಲ. ಅದು ಏರೋಕೂ ವಾರಗಟ್ಟಲೆ ಬೇಕು, ಇಳಿಯೋಕೂ ವಾರಗಟ್ಟಲೆ ಬೇಕು."

ಕ್ರಾಟೊಖ್ವಿಲ್ ಇನ್ನೂ ತುಂಬಿದಂತೇ ಇದ್ದ ಲೋಟವನ್ನು ಮೇಜಿನ ಮೇಲಿಟ್ಟ. ಒಂದು ಹನಿಯೂ ತುಳುಕಲಿಲ್ಲ.

ಡಾಕ್ಟರಿಗೆ ಹೊಳೆದದ್ದು ಆಗಲೇ. ಈ ಮಾತ್ರೆ ನುಂಗುವವರಲ್ಲಿ ಹಲವರಿಗೆ ಕೈ ನಡುಗುತ್ತದೆ. ಇವನಿಗಂತೂ ಸಹಿ ಹಾಕಲೂ ಆಗುತ್ತಿರಲಿಲ್ಲ. ಇದೇ ಕೋಣೆಯಲ್ಲಿ ಆಗ್ನೆಸ್ ಅವನ ಲೋಟ ಹಿಡಿದು ಕಾಫಿ ಕುಡಿಸುತ್ತಿದ್ದಳು. "ಕೈ ನಡುಗಿದ್ರೆ ನಡುಗ್ಲಿ, ನಾನಿದೀನಿ. ಮಾತ್ರೆ ತಪ್ಪಿಸಿದ್ಯೋ, ನನ್ನ ಕಿಡ್ನಿ ವಾಪಸ್ ಕೊಡ್ಬೇಕು," ಎಂದು ಎಲ್ಲರೆದುರೇ ಗದರಿಸುತ್ತಿದ್ದಳು. ಅವನು ನಗುತ್ತಿದ್ದ.

"ಯಾವಾಗ ಬಿಟ್ರಿ?" ಡಾಕ್ಟರ ದನಿ ಮೆತ್ತಗಾಯಿತು.

"ಮಣ್ಣು ಮಾಡಿ ಬಂದ ದಿನ." ಅವನು ತನ್ನ ಬೆರಳುಗಳನ್ನೇ ನೋಡುತ್ತಿದ್ದ. "ಅವಳ ಹೆಸರು ಕೆತ್ತಬೇಕಿತ್ತು. ಊರಲ್ಲಿ ಸತ್ತೋರಿಗೆಲ್ಲ ಕೆತ್ತಿದ ಕೈ ಇದು. ಅವಳ ಕಲ್ಲು ಬೇರೆಯವನಿಗೆ ಕೊಡ್ಲಾ? ಮಾತ್ರೆ ಬಿಟ್ಟೆ, ನಡುಕ ನಿಲ್ತು. ಪರೀಕ್ಷೆಗೆ ಅಂತ ಎರಡು ದಿನ ನುಂಗಿದ್ರೆ ಅದು ವಾಪಸ್ ಬರಲ್ಲ. ಹಳೇ ಕಲ್ಲುಗಳ ಮೇಲೆ ಕೈ ಪಳಗಿಸ್ಕೊಂಡು ಶುರು ಮಾಡಿದೆ. ಐದರಲ್ಲಿ ನಾಲ್ಕಕ್ಷರ ಆಗಿದೆ, ಕೊನೇ ಎಸ್ ಉಳಿದಿದೆ. ಕಷ್ಟದ್ದೇ ಅದು, ಎರಡು ಕಡೆಗೂ ಬಳುಕುತ್ತೆ. ಒಂದು ವಾರ ಕೊಡಿ ಡಾಕ್ಟರಮ್ಮಾ. ಆಮೇಲೆ ನೀವು ಹೇಳಿದಷ್ಟು ನುಂಗ್ತೀನಿ."

"ಆ ಒಂದು ವಾರ ಇದ್ದಿದ್ರೆ ಕೊಡ್ತಿದ್ದೆ. ಕಲ್ಲಿನ ಮೇಲಿರೋದು ಬರೀ ಹೆಸರು, ಕ್ರಾಟೊಖ್ವಿಲ್ ಅವರೇ. ಅವಳು ಇರೋದು ನಿಮ್ಮ ಹೊಟ್ಟೆಯಲ್ಲಿ."

ಅಷ್ಟು ದೊಡ್ಡ ಆಳು, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಗಂಡನ ಗೋರಿಕಲ್ಲಿಗೆ ಹೆಸರು ಬರೆಸಲು ಬಂದ ಅದೆಷ್ಟೋ ಹೆಂಗಸರ ಅಳುವನ್ನು ಅವನು ಕಂಡಿದ್ದ. ತನ್ನದು ಅವನಿಗೆ ಹೊಸದು.

ಅಂದೇ ಆಸ್ಪತ್ರೆಗೆ ಸೇರಿಸಿಕೊಂಡರು. ಬೆಕ್ಕು ಆಗಲೇ ಬಾಯಿ ಹಾಕಿತ್ತು. ದಿನವೂ ಡ್ರಿಪ್ ಏರಿಸಿ, ಮಾತ್ರೆ ಹೆಚ್ಚಿಸಿ ಹೇಗೋ ತಡೆದರು. ಕಿಡ್ನಿ ಪೂರ್ತಿ ಹೋಗಲಿಲ್ಲ, ಪೂರ್ತಿ ಉಳಿಯಲೂ ಇಲ್ಲ. ಇನ್ನೂ ಹತ್ತು ಹದಿನೈದು ವರ್ಷ ಬರಬಹುದಾಗಿದ್ದದ್ದು ಈಗ ಎರಡೋ ಮೂರೋ ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು.

ನವೆಂಬರಿನಲ್ಲಿ, ಊರಿಗೆ ಊರೇ ತಮ್ಮ ತಮ್ಮ ಸತ್ತವರಿಗೆ ದೀಪವಿಡುವ ದಿನ, ಡಾಕ್ಟರ್ ತಮ್ಮ ತಂದೆಯ ಗೋರಿಗೆ ಬಂದವರು ಎರಡು ಸಾಲು ಆಚೆ ಕ್ರಾಟೊಖ್ವಿಲ್‌ನನ್ನು ಕಂಡರು. ಕೆಂಪು ಗಾಜಿನ ದೀಪ ಹಚ್ಚಲು ಹೆಣಗುತ್ತಿದ್ದ. ನಡುಗುವ ಬೆರಳಲ್ಲಿ ಕಡ್ಡಿ ಆರಿ ಆರಿ ಹೋಗುತ್ತಿತ್ತು. ಡಾಕ್ಟರ್ ಕಡ್ಡಿ ಇಸಿದುಕೊಂಡು ದೀಪ ಹಚ್ಚಿದರು. ಆ ಬೆಳಕಿನಲ್ಲಿ ಹೆಸರು ಕಾಣಿಸಿತು. ಮೊದಲ ನಾಲ್ಕು ಅಕ್ಷರಗಳು ಗೆರೆ ಎಳೆದಂತೆ ಚೊಕ್ಕವಾಗಿದ್ದವು. ಕೊನೆಯದು ಆಗಷ್ಟೇ ಬರೆಯಲು ಕಲಿತ ಮಗು ಗೀಚಿದ ಹಾಗೆ ಸೊಟ್ಟಗಿತ್ತು, ಅಂಚೆಲ್ಲ ಚಕ್ಕೆ ಎದ್ದಿತ್ತು.

"ಇದೊಂದನ್ನ ಯಾರ ಹತ್ರಾನಾದ್ರೂ ಸರಿ ಮಾಡಿಸಬಹುದಲ್ವಾ?" ಎಂದರು ಡಾಕ್ಟರ್, ಮೆಲ್ಲಗೆ.

"ಬೇಡ ಡಾಕ್ಟರಮ್ಮಾ." ಅವನು ನಡುಗುವ ಬೆರಳಿಂದ ಆ ಸೊಟ್ಟ ಅಕ್ಷರವನ್ನು ಸವರಿದ. "ಆ ನಾಲ್ಕನ್ನ ನನ್ನ ಹಟಕ್ಕೆ ಕೆತ್ತಿದ್ದು. ಅವಳ ಮಾತು ಕೇಳ್ಕೊಂಡು, ಮಾತ್ರೆ ನುಂಗಿ ಕೆತ್ತಿದ್ದು ಇದೊಂದೇ."