ಸಾಹೇಬರ ಪಕ್ಕದಲ್ಲಿ

"ಇಬ್ರನ್ನ ಎಬ್ಬಿಸಿ ನಿಲ್ಲಸ್ರೀ. ಯಾರು ಉದ್ದ, ಯಾರು ಗಿಡ್ಡ, ಹುಡುಗ್ರು ಇಂಗ್ಲಿಷಿನ್ಯಾಗ ಹೇಳ್ಲಿ," ಎಂದರು ಶಾಲೆ ತಪಾಸಣೆಗೆ ಬಂದ ಸಾಹೇಬರು. ಅವರ ಬೆರಳು ಆಗಲೇ ತರಗತಿಗೇ ಗಿಡ್ಡಳಾದ ಶಾಹೀಸ್ತಾಳ ಕಡೆ ತಿರುಗಿತ್ತು. ಹುಡುಗಿ ಬೆಂಚಿನಲ್ಲಿ ಇನ್ನಷ್ಟು ಕುಗ್ಗಿದಳು.

ಅತಿಥಿ ಶಿಕ್ಷಕಿ ಅನುಪಮಾಳ ಕೈಯ ಚಾಕ್‌ಪೀಸು ಬೆವರಿಗೆ ಒದ್ದೆಯಾಯಿತು. ಸಾಹೇಬರು ಮನಸ್ಸು ಮಾಡಿದರೆ ನಾಳೆಯಿಂದ ಈ ಶಾಲೆಗೆ ಬರಲು ಬಳಗಾನೂರಿನ ಬಸ್ಸು ಹತ್ತುವ ಕೆಲಸವೇ ಇರುವುದಿಲ್ಲ. ಆದರೂ ಅವಳ ಕಾಲುಗಳು ಹೋಗಿ ಸಾಹೇಬರ ಪಕ್ಕದಲ್ಲೇ ನಿಂತವು.

"ಆಕಿ ಬ್ಯಾಡ್ರೀ ಸರ್. ನಮ್ಮಿಬ್ಬರನ್ನ ನೋಡಿ ಹೇಳ್ತಾರ."

"ಟೀಚರ್ ಈಸ್ ಟಾಲರ್ ದ್ಯಾನ್ ಸರ್," ಎಂದಳು ಶಾಹೀಸ್ತಾ.

ಕೆಲಸ ಹೋಯಿತೆಂದು ಅನುಪಮಾ ತಲೆ ತಗ್ಗಿಸಿದಳು. ಕೆಳಗೆ, ಸಾಹೇಬರ ಹಿಮ್ಮಡಿಗಳು ಮೆಲ್ಲಗೆ ನೆಲ ಬಿಟ್ಟು ಮೇಲೇಳುತ್ತಿದ್ದವು.